ಕಡಲ ತೀರದ ಒಂದು ದಿನದ ಫೋಟೋ ಟ್ರಿಪ್: ಗೈಡ್‌ಗೆ 5 ಸ್ಟಾರ್, ಟೈಮ್‌ಟೇಬಲ್‌ಗೆ 2

ಮೊದ್ಲೇ ಹೇಳ್ಬಿಡ್ತೀನಿ, ಟ್ರಿಪ್ ಕೆಟ್ಟದಾಗೇನೂ ಇರ್ಲಿಲ್ಲ. ಆದ್ರೆ ಕಡಲ ಹಕ್ಕಿಗಳ ಫೋಟೋಗ್ರಫಿ ಟ್ರಿಪ್ ಅಂತ ಹೆಸ್ರಿಟ್ಟು, ಉಬ್ಬರ ಇಳಿತ ಯಾವಾಗ ಅಂತ ನೋಡದೇನೇ ವಾರದ ಏಳೂ ದಿನ ಬೆಳಿಗ್ಗೆ 6ಕ್ಕೆ ಪಿಕಪ್, 9.30ಕ್ಕೆ ವ್ಯೂ ಪಾಯಿಂಟ್, ಸಂಜೆ 6ಕ್ಕೆ ಡ್ರಾಪ್ ಅಂತ ಒಂದೇ ಟೈಮ್‌ಟೇಬಲ್ ಇಟ್ಕೊಂಡಿದಾರಲ್ಲ, ಅದೇ ನನ್ನ ತಕರಾರು. ಸಮುದ್ರಕ್ಕೆ ಇವರ ಡ್ಯೂಟಿ ಟೈಮ್ ಕಟ್ಕೊಂಡು ಏನಾಗ್ಬೇಕು? ಹೆಚ್ಚಿನ ಕಡೆ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದ್ರೆ ದಿನಾ 50 ನಿಮಿಷ ಮುಂದಕ್ಕೆ ಹೋಗುತ್ತೆ, ಒಂದು ವಾರ ಬಿಟ್ಟು ಅದೇ ಟೈಮಿಗೆ ಅಲ್ಲೇ ಹೋಗಿ ನಿಂತ್ರೆ ನೀರು ಇದ್ದಲ್ಲಿ ಕೆಸರಿರುತ್ತೆ, ಕೆಸರಿದ್ದಲ್ಲಿ ನೀರು.

ನಮಗೆ ಆಗಿದ್ದೂ ಅದೇ. 7 ಗಂಟೆಗೆ ಇಳಿದಾಗ ನೀರು ಪೂರ್ತಿ ಹಿಂದಕ್ಕೆ ಹೋಗಿತ್ತು, ಹಕ್ಕಿಗಳೆಲ್ಲ ಎಲ್ಲೋ ದೂರದಲ್ಲಿ ಸಾಸಿವೆ ಚೆಲ್ಲಿದಂಗೆ ಕಾಣ್ತಿದ್ವು. 600 ಎಂಎಂ ಲೆನ್ಸ್ ತಂದಿದ್ದ ಪುಣ್ಯಾತ್ಮನೂ ಕ್ಯಾಮೆರಾ ಕೆಳಗಿಟ್ಟು ಫೋನ್ ನೋಡ್ತಾ ಕೂತ. ಬಿಸಿಲೇರಿದ ಮೇಲೆ ಮರಳಿಂದ ಏಳೋ ಬಿಸಿಗಾಳಿಗೆ ದೂರದ್ದೆಲ್ಲ ಅಲ್ಲಾಡೋಕೆ ಶುರು, ಆವಾಗ ಎಷ್ಟು ದುಬಾರಿ ಲೆನ್ಸಿದ್ರೂ ಶಾರ್ಪ್ ಬರಲ್ಲ.

ಇಲ್ಲಿ ಕೈ ಹಿಡಿದಿದ್ದು ಗೈಡ್. 9.30ಕ್ಕೆ ಡ್ರೈವರ್ ಹಾರ್ನ್ ಹೊಡೆದಾಗ "ಅಣ್ಣಾ, ಇನ್ನೊಂದು ಮುಕ್ಕಾಲು ಗಂಟೆ ಇರೋಣ, ನೀರು ಏರ್ತಾ ಇದೆ" ಅಂತ ಒಪ್ಪಿಸಿದ್ರು. ನಮಗೆ "ನೀವು ಹಕ್ಕಿ ಹಿಂದೆ ಹೋಗ್ಬೇಡಿ ಸರ್, ಇಲ್ಲೇ ಮಲ್ಕೊಳ್ಳಿ, ಅವೇ ಬರ್ತವೆ" ಅಂದ್ರು. ಒದ್ದೆ ಮರಳಲ್ಲಿ ಹೊಟ್ಟೆ ಮೇಲೆ ಮಲಗಿದ್ವಿ, ಅಲೆ ಒಂದೊಂದೇ ಹೆಜ್ಜೆ ಮುಂದೆ ಬಂದಂಗೆ ಸ್ಯಾಂಡರ್ಲಿಂಗ್ ಅನ್ನೋ ಪುಟ್ಟ ಕಡಲ ತೀರದ ಹಕ್ಕಿಗಳ ಗುಂಪು ನೀರಿನ ಅಂಚಲ್ಲೇ ಓಡ್ತಾ ಓಡ್ತಾ ನಮ್ಮ ಮುಂದಕ್ಕೇ ಬಂತು. ಅಲೆ ಬಂದ್ರೆ ಹಿಂದಕ್ಕೋಟ, ಹೋದ್ರೆ ಅದರ ಬೆನ್ನಟ್ಟಿ ಕೊಕ್ಕು ಚುಚ್ಚಿ ಚುಚ್ಚಿ ಹುಡುಕಾಟ, ಕಾಲು ಕಾಣೋದೇ ಇಲ್ಲ ಅಷ್ಟು ಸ್ಪೀಡು, ಶಟರ್ ಸ್ಪೀಡ್ 1/2000 ಸೆಕೆಂಡಿಗೆ ಹಾಕಿದ ಮೇಲೇ ಫೋಟೋದಲ್ಲಿ ಕಾಲು ನಿಂತಿದ್ದು. ಸ್ಕ್ರೀನ್ ಮೇಲೆ ಝೂಮ್ ಮಾಡಿ ನೋಡಿದ್ರೆ ಹಿಂಬೆರಳೇ ಇಲ್ಲ, ಮುಂದಿನ ಮೂರೇ ಬೆರಳು. ಹಿಂಬೆರಳಿಲ್ಲದ್ದು ಇದರ ಗುರುತೇ ಅಂತ ಗೈಡ್ ಹೇಳಿದ್ರು. ವಸಂತ ಆಗಿದ್ರಿಂದ ಕೆಲವಕ್ಕೆ ಚಳಿಗಾಲದ ಬೂದು ಬಣ್ಣ ಹೋಗಿ ತಲೆ, ಎದೆ ಇಟ್ಟಿಗೆ ಕೆಂಪಿಗೆ ತಿರುಗಿತ್ತು, ಕೆಲವು ಅರ್ಧಂಬರ್ಧ, ಹಳೇ ಗೋಡೆಗೆ ಪೇಂಟ್ ಮಾಡ್ತಾ ನಿಲ್ಸಿದಂಗೆ. ಇನ್ನು ಸ್ವಲ್ಪ ದಿನಕ್ಕೆ ಮೊಟ್ಟೆ ಇಡೋಕೆ ಆರ್ಕ್ಟಿಕ್ ತನಕ ಹಾರ್ಬೇಕು ಇವು, ಅಂಗೈಯಲ್ಲಿ ಹಿಡಿಯೋವಷ್ಟು ಇರೋ ಹಕ್ಕಿ.

10.15ಕ್ಕೆ ಎದ್ದು ಹೊರಟ್ವಿ. ಆಗ್ಲೇ ಹಕ್ಕಿಗಳು ಇನ್ನೂ ಹತ್ರ ಬರ್ತಿದ್ವು, ಹೊಟ್ಟೆ ಉರೀತು.

ವ್ಯೂ ಪಾಯಿಂಟ್ ಚೆನ್ನಾಗಿದೆ, ಬಂಡೆ, ಹೂವು, ಕೆಳಗೆ ನೀಲಿ ನೀರು, ಎಲ್ಲರೂ ಸೆಲ್ಫಿ ತಗೊಂಡ್ವಿ, ಅಷ್ಟೇ. ಒಂದು ಆಸ್ಪ್ರೇ (ಮೀನು ಹಿಡಿಯೋ ದೊಡ್ಡ ಬೇಟೆ ಹಕ್ಕಿ) ಮಾತ್ರ ಮೀನು ಹಿಡ್ಕೊಂಡು ತಲೆ ಮೇಲೇ ಹೋಯ್ತು, ಮೀನಿನ ತಲೆ ಮುಂದಕ್ಕೆ ತಿರುಗಿಸಿ ಹಿಡ್ದಿತ್ತು, ಗಾಳಿ ತಡೆ ಕಮ್ಮಿ ಆಗ್ಲಿ ಅಂತ. ನನ್ನ ಕ್ಯಾಮೆರಾ ಇನ್ನೂ ಸ್ಯಾಂಡರ್ಲಿಂಗ್‌ಗೆ ಇಟ್ಟಿದ್ದ ಬೆಳಕಿನ ಸೆಟ್ಟಿಂಗಲ್ಲೇ ಇತ್ತು, ಹಕ್ಕಿ ಪೂರ್ತಿ ಕಪ್ಪು. ನಂದೇ ತಪ್ಪು.

ಮಧ್ಯಾಹ್ನ ಇನ್ನೊಂದು ಬೀಚಲ್ಲಿ ಪ್ಲೋವರ್ ಅನ್ನೋ ಸಣ್ಣ ತೀರದ ಹಕ್ಕಿಯೊಂದು ರೆಕ್ಕೆ ಮುರಿದಂಗೆ ಎಳ್ಕೊಂಡು ನಮ್ಮ ಮುಂದೆ ಕುಂಟ್ತಾ ಹೋಯ್ತು. ನಾವೆಲ್ಲ ಅಯ್ಯೋ ಪಾಪ ಅಂತ ಕ್ಯಾಮೆರಾ ಎತ್ತಿದ್ರೆ ಗೈಡ್ ಗದರಿಬಿಟ್ರು: "ಯಾರೂ ಮುಂದೆ ಹೆಜ್ಜೆ ಇಡ್ಬೇಡಿ, ನಮ್ಮನ್ನ ದೂರ ಕರ್ಕೊಂಡು ಹೋಗೋಕೆ ಅದು ನಾಟಕ ಮಾಡ್ತಿದೆ, ಇಲ್ಲೇ ಎಲ್ಲೋ ಮೊಟ್ಟೆ ಇದೆ." ಕಲ್ಲಿನ ಬಣ್ಣದ ಮೊಟ್ಟೆ, ಬರೀ ಮರಳಲ್ಲಿ ಸಣ್ಣ ಗುಳಿ, ತುಳಿದ್ರೂ ಗೊತ್ತಾಗಲ್ಲ. ಬಂದ ಹೆಜ್ಜೆ ಗುರುತಲ್ಲೇ ವಾಪಸ್ ನಡೆಸಿದ್ರು, ಒಂದು ಫೋಟೋನೂ ತೆಗೆಯೋಕೆ ಬಿಡ್ಲಿಲ್ಲ. ಒಬ್ರು ಗೊಣಗಿದ್ರು, ಆದ್ರೆ ನನ್ನ 5 ಸ್ಟಾರ್ ಇದಕ್ಕೇ.

ಹೋಗೋರು ಮಲಗೋಕೆ ಒಂದು ಶೀಟು, ಕ್ಯಾಮೆರಾಗೆ ಕವರ್, ಗಾಳಿ ಊದೋ ಬ್ಲೋವರ್ ತಗೊಂಡು ಹೋಗಿ. ಮರಳು ಕೂತಿರೋ ಲೆನ್ಸ್ ಮೇಲೆ ಬಟ್ಟೆ ಉಜ್ಜಿದ್ರೆ ಗೀರು ಗ್ಯಾರಂಟಿ, ಮೊದ್ಲು ಊದಿ, ಆಮೇಲೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾ ಬಾಡಿ ಮೇಲಿನ ಉಪ್ಪು ಒರೆಸಿ. ವ್ಯಾನಲ್ಲಿ ಎಸಿ ಜೋರಾಗಿ ಹಾಕ್ತಾರೆ, ಇಳಿದ ತಕ್ಷಣ ಲೆನ್ಸಿಗೆ ಮಂಜು ಕಟ್ಟುತ್ತೆ, ಬ್ಯಾಗ್ ಜಿಪ್ ತೆಗೀದೆ ಸ್ವಲ್ಪ ಹೊತ್ತು ಹಾಗೇ ಬಿಡಿ.

ಬುಕ್ ಮಾಡೋ ಮುಂಚೆ ಆ ಜಾಗದ ಉಬ್ಬರದ ಟೇಬಲ್ ನೀವೇ ನೋಡಿ, ಬೆಳಿಗ್ಗೆ 9ರ ಸುಮಾರಿಗೆ ಉಬ್ಬರ ಇರೋ ದಿನ ಆರಿಸ್ಕೊಳ್ಳಿ, ಆವಾಗ 7ಕ್ಕೆ ಇಳಿಯೋ ಹೊತ್ತಿಗೆ ನೀರು ಏರ್ತಿರುತ್ತೆ, ಬೆಳಕೂ ಮೆತ್ತಗಿರುತ್ತೆ. ಟ್ರಿಪ್ಪಿನವರಿಗೇ ಫೋನ್ ಮಾಡಿ ಟೈಮ್ ಅದಕ್ಕೆ ತಕ್ಕಂಗೆ ಬದಲಾಯಿಸ್ಬಹುದಲ್ವಾ ಅಂತ ಕೇಳ್ದೆ. "ಸಿಸ್ಟಮಲ್ಲಿ ಆಪ್ಷನ್ ಇಲ್ಲ ಸರ್" ಅಂದ್ರು.