ಆಂಜಿಯೋಗ್ರಾಂಗೆ ಕೈಯೋ, ತೊಡೆಯೋ? ಎರಡೂ ಕಡೆ ಚುಚ್ಚಿಸಿಕೊಂಡವನ ಲೆಕ್ಕ

ಆಂಜಿಯೋಗ್ರಾಂ ಎಂದರೆ ರಕ್ತನಾಳದೊಳಗೆ ಸಣ್ಣ ಟ್ಯೂಬ್ ತೂರಿಸಿ, ಎಕ್ಸ್‌ರೇಯಲ್ಲಿ ಕಾಣುವ ಡೈ ಬಿಟ್ಟು ನಾಳಗಳನ್ನು ನೋಡುವುದು. ಟ್ಯೂಬನ್ನು ಮಣಿಕಟ್ಟಿನಿಂದಲೂ ಬಿಡಬಹುದು, ತೊಡೆಸಂದಿನಿಂದಲೂ ಬಿಡಬಹುದು. ಹೃದಯಕ್ಕಾದರೆ ಮಣಿಕಟ್ಟೇ ಸೈ. ಬೇಡ ಎನ್ನುವುದಕ್ಕೆ ಡಾಕ್ಟರ ಬಳಿ ಕಾರಣವಿಲ್ಲದಿದ್ದರೆ ‘ಕೈಯಿಂದಲೇ ಮಾಡಿ’ ಎಂದು ಬಾಯಿಬಿಟ್ಟು ಕೇಳಿ. ನನಗೆ ಹೃದಯದ್ದು ಮೊದಲು ತೊಡೆಸಂದಿನಿಂದ ಆಯಿತು, ಕೆಲವು ವರ್ಷದ ಮೇಲೆ ಬಲ ಮಣಿಕಟ್ಟಿನಿಂದ. ಈಚೆಗೆ ಮಿದುಳಿನ ರಕ್ತನಾಳ ನೋಡಲು ಮತ್ತೆ ತೊಡೆ. ಎಲ್ಲವೂ ಮೈಸೂರಿನಲ್ಲಿ.

ಮರಗಟ್ಟಿಸುವ ಸೂಜಿ, ಡೈ ಬಿಟ್ಟಾಗ ಮೈಯೆಲ್ಲ ಬಿಸಿಯಾಗುವುದು ಎರಡು ದಾರಿಯಲ್ಲೂ ಇದ್ದದ್ದೇ.

ತೊಡೆಯ ರಗಳೆ ಶುರುವಾಗುವುದು ಎಲ್ಲ ಮುಗಿದ ಮೇಲೆ. ಟ್ಯೂಬ್ ತೆಗೆದು ಒಬ್ಬರು ಅಂಗೈಯಲ್ಲಿ ಒತ್ತಿ ಹಿಡಿದರು, ಮೇಲೆ ಮರಳಿನ ಚೀಲ ಇಟ್ಟರು. ಆಮೇಲೆ ಗಂಟೆಗಟ್ಟಲೆ ಅಂಗಾತ ಮಲಗಬೇಕು, ಕಾಲು ಮಡಚುವ ಹಾಗಿಲ್ಲ. ಕೊಂಚ ಅಲುಗಿದರೂ ‘ಅಂಕಲ್, ಕಾಲು ನೇರ ಇಡಿ’ ಎಂದು ಸಿಸ್ಟರ್ ಕೂಗು. ಕೆಮ್ಮು ಬಂದರೆ ಗಾಯದ ಮೇಲೆ ಕೈಯಿಟ್ಟು ಕೆಮ್ಮಬೇಕು. ಸೊಂಟ ಸೀಳಿ ಹೋದಂತಾಯಿತು. ಮೂತ್ರದ್ದಂತೂ ಹೇಳಬಾರದು, ಹುಟ್ಟಿದಾಗಿನಿಂದ ನಿಂತು ಮಾಡಿದವನಿಗೆ ಮಲಗಿಕೊಂಡು, ಪರದೆಯಾಚೆ ಹೆಂಡತಿ, ಅಳಿಯ ಕಾಯುತ್ತಿರುವಾಗ, ಆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಬರುವುದೇ ಇಲ್ಲ. ಹೊಟ್ಟೆ ಉಬ್ಬಿ ಬೆವರಿದೆ. ಕೊನೆಗೆ ನಳಿಗೆ ಹಾಕಿದರು, ಅದೇ ಆಂಜಿಯೋಗ್ರಾಂಗಿಂತ ಹೆಚ್ಚು ನೋವು. ಮರುದಿನ ಊರಿಗೆ ಮರಳುವಾಗ ತಿತಿಮತಿ ಕಾಡುದಾರಿಯ ಹಂಪು ಸಿಕ್ಕಿದಾಗಲೆಲ್ಲ ತೊಡೆ ಹಿಡಿದುಕೊಂಡೇ ಕೂತೆ. ರಕ್ತ ಹೆಪ್ಪುಗಟ್ಟಿದ ಕಪ್ಪು ಮೊಣಕಾಲವರೆಗೆ ಇಳಿದಿತ್ತು. ಕಾಫಿ ಕೊಯ್ಲು ನಡೆಯುತ್ತಿದ್ದರೂ ಕಣದ ಕಡೆ ಹೋಗಲಾಗಲಿಲ್ಲ.

ಇಷ್ಟು ಕಟ್ಟುನಿಟ್ಟಿಗೆ ಕಾರಣವೂ ಇದೆ. ತೊಡೆಯ ಅಪಧಮನಿ ದಪ್ಪ, ಆಳದಲ್ಲಿರುತ್ತದೆ. ರಕ್ತ ಹಿಂದಕ್ಕೆ, ಹೊಟ್ಟೆಯ ಹಿಂಭಾಗಕ್ಕೆ ಸೋರಿದರೆ ಹೊರಗೆ ಗೊತ್ತೇ ಆಗುವುದಿಲ್ಲ. ಮಣಿಕಟ್ಟಿನದು ಚರ್ಮದ ಕೆಳಗೇ ಇದೆ, ಹಿಂದೆ ಮೂಳೆ, ಒತ್ತಿದರೆ ನಿಲ್ಲುತ್ತದೆ. 1989ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹೃದಯದ ಡಾಕ್ಟರ್ ಲೂಸಿಯನ್ ಕಾಂಪೋ ಈ ಮಣಿಕಟ್ಟಿನ ದಾರಿಯ ಬಗ್ಗೆ ವರದಿ ಮಾಡಿದರು. ಕೈ, ತೊಡೆ ಎರಡು ದಾರಿಯನ್ನೂ ಹೋಲಿಸಿ 2015ರಲ್ಲಿ ಪ್ರಕಟವಾದ ಮ್ಯಾಟ್ರಿಕ್ಸ್ ಎಂಬ ಅಧ್ಯಯನದಲ್ಲಿ 8404 ರೋಗಿಗಳಿದ್ದರು. ಕೈಯಿಂದ ಮಾಡಿದವರಲ್ಲಿ ರಕ್ತಸ್ರಾವ ಕಡಿಮೆಯಿತ್ತು.

ಕೈಯಿಂದ ಮಾಡಿದ ದಿನ ಗಾಳಿ ತುಂಬಿದ ಪಟ್ಟಿಯೊಂದನ್ನು ಮಣಿಕಟ್ಟಿಗೆ ಕಟ್ಟಿದರು, ಆಗಾಗ ಸ್ವಲ್ಪ ಗಾಳಿ ಬಿಡುತ್ತಾ ಹೋದರು. ಶೌಚಕ್ಕೆ ನಾನೇ ನಡೆದೆ. ಸಂಜೆಗೆ ಮನೆ ದಾರಿ. ನೋವೇ ಇರಲಿಲ್ಲ ಎನ್ನಲಾರೆ. ನಾಳ ಸೆಟೆದುಕೊಂಡು ಮೊಣಕೈವರೆಗೆ ಹಿಂಡಿತು, ಔಷಧಿ ಬಿಟ್ಟ ಮೇಲೆ ಸಡಿಲಾಯಿತು. ಕೆಲವರಿಗೆ ಆಮೇಲೆ ಆ ನಾಳ ಮುಚ್ಚಿಕೊಳ್ಳುವುದೂ ಉಂಟು. ಪಕ್ಕದ ನಾಳದಿಂದ ಕೈಗೆ ರಕ್ತ ಬರುವುದರಿಂದ ಹೆಚ್ಚಿನವರಿಗೆ ತಿಳಿಯುವುದಿಲ್ಲ, ಆದರೆ ಮುಂದಿನ ಸಲಕ್ಕೆ ಆ ದಾರಿ ಹೋಯಿತು. ಕಿಡ್ನಿ ಸೋಲುತ್ತಿರುವವರು ಮೊದಲೇ ಹೇಳಬೇಕು, ಡಯಾಲಿಸಿಸ್‌ಗೆ ಕೈಯ ನಾಳ ಉಳಿಸಬೇಕಾಗುತ್ತದೆ.

ಮಿದುಳಿನ ವಿಷಯದಲ್ಲಿ ಮಾತ್ರ ನಾನು ಹಟ ಮಾಡಲಿಲ್ಲ. ತೊಡೆಯಿಂದ ಹೊರಟ ಕ್ಯಾತಿಟರ್, ಅಂದರೆ ಆ ಸಣ್ಣ ಟ್ಯೂಬ್, ಮಹಾಪಧಮನಿಯಲ್ಲಿ ಏರಿ ಕುತ್ತಿಗೆಯ ನಾಳಗಳಿಗೆ ಸಲೀಸಾಗಿ ಹೊಕ್ಕುತ್ತದೆ. ಬಲಗೈಯಿಂದ ಬಂದದ್ದು ಕುತ್ತಿಗೆಯ ಎಡನಾಳಕ್ಕೆ ಹೋಗಬೇಕಾದರೆ ಸಂಪಾಜೆ ಘಾಟಿಯ ತಿರುವಿನ ಹಾಗೆ ಇಳಿದು, ಹೊರಳಿ, ಮತ್ತೆ ಏರಬೇಕು. ಅದಕ್ಕೆಂದೇ ಸಿಮ್ಮನ್ಸ್ ಎಂಬ ಕೊಕ್ಕೆಯಾಕಾರದ ಕ್ಯಾತಿಟರ್ ಇದೆ, ಕೈ ಪಳಗಿದವರು ಮಾಡುತ್ತಾರೆ. ನಮ್ಮ ಡಾಕ್ಟರಿಗೆ ತೊಡೆಯೇ ರೂಢಿ. ತಲೆಯ ವಿಷಯಕ್ಕೆ ಅವರ ರೂಢಿಯೇ ದೊಡ್ಡದು ಎಂದು ಒಪ್ಪಿದೆ. ಹಿಂದಿನ ದಿನವೇ ಮಲಗಿಕೊಂಡು ಮೂತ್ರ ಮಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ!

ಖರ್ಚು? ತೊಡೆಯ ತೂತು ಮುಚ್ಚುವ ಪ್ಲಗ್ ಬರುತ್ತದೆ, ಬೇಗ ಎದ್ದು ಓಡಾಡಬಹುದು, ಅದಕ್ಕೆ ಬೇರೆ ಬಿಲ್ಲು. ಇಲ್ಲದಿದ್ದರೆ ರಾತ್ರಿಯ ಬೆಡ್ಡು, ಜೊತೆಗೆ ಬಂದವರಿಗೆ ಲಾಡ್ಜು. ಕೈಯಿಂದಾದರೆ ಇವೆರಡೂ ಉಳಿಯಿತು.

ಕೈಯದ್ದರಲ್ಲಿ ನನಗೆ ತೊಡಕಾದದ್ದು ಒಂದೇ: ಕೆಲವು ದಿನ ಬಲಗೈಯಲ್ಲಿ ಭಾರ ಎತ್ತಬಾರದು, ತೋಟದ ಮರದ ಕೊಂಬೆ ಸವರುವ ಮರಗಸಿ ಕತ್ತಿ ಮುಟ್ಟಬಾರದು. ಎಡ ಮಣಿಕಟ್ಟಿನಿಂದಲೂ ಹೃದಯಕ್ಕೆ ಹೋಗಬಹುದಂತೆ. ಮತ್ತೆ ಬೇಕಾಗಿ ಬಂದರೆ ಎಡಗೈಯನ್ನೇ ಚಾಚುತ್ತೇನೆ.