ಆರು ದಿನದ ವಾಸ, ಐದು ಸಲ ಲೈಪೇಸ್: ಒಂದು ಆಸ್ಪತ್ರೆಯ ಸೇವೆಯ ಕುರಿತು

ಇತ್ತೀಚೆಗೆ ನಮ್ಮ ತಾಯಿಯವರನ್ನು ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಹಠಾತ್ ಉರಿಯೂತದ ಕಾರಣ ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಮೇಲ್ಹೊಟ್ಟೆಯಿಂದ ಬೆನ್ನಿಗೆ ಇರಿಯುತ್ತಿದ್ದ ನೋವನ್ನು ತುರ್ತು ವಿಭಾಗದವರು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಕೂಡಲೇ ರಕ್ತಪರೀಕ್ಷೆ ಮಾಡಿಸಿದರು. ಮೇಲ್ಮಿತಿ 60 ಎಂದಿದ್ದ ವರದಿಯಲ್ಲಿ ಲೈಪೇಸ್, ಅಂದರೆ ಈ ಗ್ರಂಥಿ ತಯಾರಿಸುವ ಕೊಬ್ಬು ಜೀರ್ಣಿಸುವ ಕಿಣ್ವ, 1,840 ಇತ್ತು. ಇಂಥ ನೋವಿನ ಜೊತೆಗೆ ಲೈಪೇಸ್ ಮೂರು ಪಟ್ಟು ಮೀರಿದ್ದರೆ ರೋಗನಿರ್ಣಯಕ್ಕೆ ಅಷ್ಟೇ ಸಾಕು; ಮೊದಲ ದಿನವೇ ಸಿ.ಟಿ. ಸ್ಕ್ಯಾನ್‌ಗೆ ಕಳುಹಿಸದೆ, ಅಲ್ಟ್ರಾಸೌಂಡ್ ಮಾಡಿ ಪಿತ್ತಕೋಶದ ಕಲ್ಲನ್ನು ಪತ್ತೆಹಚ್ಚಿದ್ದು ಮೆಚ್ಚತಕ್ಕದ್ದು.

ಎಲ್ಲಕ್ಕಿಂತ ಹಿಡಿಸಿದ್ದು ವೈದ್ಯರು ವಿವರಿಸಿದ ರೀತಿ. ಇ.ಸಿ.ಜಿ. ಹಾಳೆಯ ಹಿಂಬದಿಯಲ್ಲಿ ಗ್ರಂಥಿಯ ಚಿತ್ರ ಬರೆದು, ಅದು ತಯಾರಿಸುವ ಟ್ರಿಪ್ಸಿನೋಜನ್ ಎಂಬ ವಸ್ತು ನಿಷ್ಕ್ರಿಯವಾಗಿದ್ದು, ಸಣ್ಣ ಕರುಳಿಗೆ ಇಳಿದ ಮೇಲಷ್ಟೇ ಅಲ್ಲಿನ ಇನ್ನೊಂದು ಕಿಣ್ವದಿಂದ ಟ್ರಿಪ್ಸಿನ್ ಎಂಬ ಪ್ರೋಟೀನ್ ಜೀರ್ಣಿಸುವ ಕಿಣ್ವವಾಗುತ್ತದೆ ಎಂದರು. ಕಲ್ಲು ನಾಳದ ಬಾಯಿಗೆ ಅಡ್ಡ ಬಂದಾಗ ರಸ ಹೊರಹೋಗದೆ, ಕ್ಯಾಥೆಪ್ಸಿನ್ ಬಿ ಎಂಬ ಕಿಣ್ವದ ಸಂಪರ್ಕದಿಂದ ಟ್ರಿಪ್ಸಿನೋಜನ್ ಜೀವಕೋಶದೊಳಗೇ ಎಚ್ಚರಗೊಳ್ಳುತ್ತದೆ. ಆಮೇಲೆ, ಒಂದು ಚಮಚ ಹೆಪ್ಪು ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡುವಂತೆ, ಒಂದಿಷ್ಟು ಟ್ರಿಪ್ಸಿನ್ ಉಳಿದ ಕಿಣ್ವಗಳನ್ನೂ ಎಬ್ಬಿಸುತ್ತದೆ. ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆಂದು ರೋಗಶಾಸ್ತ್ರಜ್ಞ ಹನ್ಸ್ ಕಿಯಾರಿ 1896ರಲ್ಲೇ ಸೂಚಿಸಿದ್ದರಂತೆ. ಸುತ್ತಲಿನ ಕೊಬ್ಬನ್ನು ಲೈಪೇಸ್ ಒಡೆದಾಗ ಹೊರಬರುವ ಕೊಬ್ಬಿನಾಮ್ಲಗಳು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದರ ಮೇಲೂ ನಿಗಾ ಬೇಕಂತೆ.

"ಹಾಗಾದರೆ ನನ್ನನ್ನು ನಾನೇ ತಿನ್ನುತ್ತಿದ್ದೇನೆಯೇ ಡಾಕ್ಟ್ರೇ?" ಎಂದು ತಾಯಿ ಕೇಳಿದ್ದಕ್ಕೆ, "ಸ್ವಲ್ಪ ಹಾಗೇ ಅಮ್ಮ" ಎಂದು ಅವರು ನಕ್ಕರು.

ಎಚ್ಚರಗೊಂಡ ಕಿಣ್ವಗಳನ್ನು ಮತ್ತೆ ಮಲಗಿಸುವ ಔಷಧಿ ಇಲ್ಲದ್ದರಿಂದ ಚಿಕಿತ್ಸೆ ಡ್ರಿಪ್, ನೋವುನಿವಾರಕ ಮತ್ತು ಕಾಯುವಿಕೆ. ಅನಗತ್ಯವಾಗಿ ಆ್ಯಂಟಿಬಯಾಟಿಕ್ ಕೊಡಲಿಲ್ಲ. ದಿನಗಟ್ಟಲೆ ಉಪವಾಸ ಕೆಡವದೆ ಎರಡನೆಯ ದಿನ ಸಂಜೆಯೇ ಗಂಜಿ ಕೊಟ್ಟರು. ನರ್ಸ್‌ಗಳು ಮೂತ್ರದ ಪ್ರಮಾಣವನ್ನು ರಾತ್ರಿಯೂ ತಪ್ಪದೆ ಬರೆದಿಟ್ಟರು.

ಆಕ್ಷೇಪ ಇರುವುದು ಇನ್ನೆರಡು ವಿಷಯಗಳಲ್ಲಿ. ಲೈಪೇಸ್ ಎಷ್ಟು ಏರಿದೆ ಎಂಬುದು ಕಾಯಿಲೆಯ ತೀವ್ರತೆಯನ್ನು ಹೇಳುವುದಿಲ್ಲ. ರೋಗಿ ಚೇತರಿಸಿಕೊಂಡ ಮೇಲೂ ಅದು ಒಂದು ವಾರಕ್ಕೂ ಹೆಚ್ಚು ಕಾಲ ಏರಿದಂತೆಯೇ ಇರಬಹುದು. ಹೀಗಿದ್ದೂ ಐದು ದಿನ ಬೆಳಿಗ್ಗೆ ಅದೇ ಪರೀಕ್ಷೆ ನಡೆಯಿತು. ಬಲಗೈಯ ನರ ಸಿಗದಾದಾಗ ಎಡಗೈಗೆ ಚುಚ್ಚಿದರು. ವಿಚಿತ್ರವೆಂದರೆ, ಹಾಳೆಯ ಮೇಲೆ ಅಷ್ಟು ಚೆನ್ನಾಗಿ ತಿಳಿಸಿಕೊಟ್ಟ ವಿಭಾಗವೇ ಇದನ್ನೂ ಬರೆದುಕೊಟ್ಟಿತ್ತು.

ಎರಡನೆಯದು ಇನ್ನೂ ಗಂಭೀರ. ಕಾಯಿಲೆ ಸೌಮ್ಯವಾಗಿದ್ದು ಕಲ್ಲೇ ಕಾರಣವಾಗಿದ್ದರೆ ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆಯಬೇಕೆಂಬುದು ಇಂದಿನ ಶಿಫಾರಸು, ಏಕೆಂದರೆ ತಡಮಾಡಿದಷ್ಟೂ ಮತ್ತೊಂದು ಕಲ್ಲು ಜಾರುವ ಅಪಾಯವಿದೆ. ಇಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಗೆ ಬಿಡುವಿಲ್ಲವೆಂದು ಆರು ವಾರ ಬಿಟ್ಟು ಬರಲು ಹೇಳಿ ಡಿಸ್ಚಾರ್ಜ್ ಮಾಡಿದರು. ಕಾಯಲು ಧೈರ್ಯವಾಗದೆ ಮರುವಾರವೇ ಬೇರೆಡೆ ಮಾಡಿಸಿದೆವು.

ವೈದ್ಯರಿಗೂ ನರ್ಸ್‌ಗಳಿಗೂ ಐದಕ್ಕೆ ಐದು, ಆಸ್ಪತ್ರೆಯ ವ್ಯವಸ್ಥೆಗೆ ಎರಡು. ಲೈಪೇಸ್ ಬಗ್ಗೆ ಬಿಲ್ಲಿಂಗ್ ಕೌಂಟರಿನಲ್ಲಿ ಪ್ರಶ್ನಿಸಿದಾಗ ಕೊನೆಯ ದಿನದ್ದನ್ನು ಮಾತ್ರ ಬಿಲ್ಲಿನಿಂದ ತೆಗೆದರು.