ಮಂಟಪದ ಚಾವಣಿ ಮಳೆಗೆ, ಸಿಡಿಲಿಗಲ್ಲ

40 ಜನರ ಹೊರಸಂಚಾರಕ್ಕೆ ಉದ್ಯಾನದಲ್ಲಿ ಮಂಟಪ ಕಾಯ್ದಿರಿಸಿದವನು ನಾನೇ. ಹಾಗಾಗಿ ಬೈಗುಳದಲ್ಲಿ ದೊಡ್ಡ ಪಾಲು ನನಗೇ ಸೇರಬೇಕು.

ಇದ್ದ ಐದಾರು ಮಂಟಪಗಳಲ್ಲಿ ದಿಬ್ಬದ ನೆತ್ತಿಯ ಮೇಲಿನದನ್ನು ಆರಿಸಿಕೊಂಡೆ. ಕೆಳಗೆ ಕೆರೆ ಕಾಣುತ್ತದೆ, ಗಾಳಿ ಬೀಸುತ್ತದೆ ಎಂಬ ಆಸೆ. ಮಳೆ ಬಂದರೇನು ಗತಿ ಎಂದು ಕೇಳಿದ್ದಕ್ಕೆ ಉದ್ಯಾನದವರು "ಚಾವಣಿ ಇದೆಯಲ್ಲ" ಎಂದರು. ನನಗೂ ಅಷ್ಟು ಸಾಕೆನಿಸಿತು. ಬಸ್ಸನ್ನು ಇಡೀ ದಿನ ಸುಮ್ಮನೆ ನಿಲ್ಲಿಸಿಕೊಳ್ಳುವುದೇಕೆ ಎಂದು, ಸಂಜೆ 5ಕ್ಕೆ ಬರಲು ಹೇಳಿ ಕಳುಹಿಸಿಯೂ ಬಿಟ್ಟೆ.

ಮಧ್ಯಾಹ್ನ ಹಗ್ಗಜಗ್ಗಾಟದ ನಡುವೆ ದೂರದಲ್ಲೆಲ್ಲೋ ಗುಡುಗಿತು. ಒಂದು ಹನಿಯೂ ಬಿದ್ದಿರಲಿಲ್ಲ, ನೆತ್ತಿಯ ಮೇಲೆ ಬಿಸಿಲಿತ್ತು. ಎರಡೂ ತಂಡಗಳು ಒಂದೊಂದು ಸುತ್ತು ಗೆದ್ದಿದ್ದವು. "ಕೊನೆಯ ಸುತ್ತು ಮುಗಿಸಿಯೇ ಬಿಡೋಣ" ಎಂದವನೂ ನಾನೇ. ಮಿಂಚು ಕಂಡ ಮೇಲೆ ಗುಡುಗು ಕೇಳಲು 3 ಸೆಕೆಂಡು ಹಿಡಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ ಎಂದು ಶಾಲೆಯಲ್ಲಿ ಓದಿದ್ದೆ. ಮಳೆ ಬೀಳುವ ಜಾಗದಿಂದ 10 ಕಿಲೋಮೀಟರ್ ಆಚೆಗೂ ಸಿಡಿಲು ಎರಗಬಲ್ಲದು, ಗುಡುಗು ಕಿವಿಗೆ ಬಿದ್ದಿತೆಂದರೆ ನಾವು ಆಗಲೇ ಅದರ ವ್ಯಾಪ್ತಿಯೊಳಗಿದ್ದೇವೆ ಎಂಬುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಮಳೆ ಹೊಡೆದಾಗ ಎಲ್ಲರೂ ಮಂಟಪಕ್ಕೆ ಓಡಿದೆವು. ಎಂಟು ಕಬ್ಬಿಣದ ಕಂಬ, ಮೇಲೊಂದು ತಗಡು, ಗೋಡೆ ಇಲ್ಲ. ಕೆಲವರು ಕಂಬಕ್ಕೊರಗಿ ನಿಂತರು, ಕೆಲವರು ಒದ್ದೆ ನೆಲದ ಮೇಲೆಯೇ ಕುಳಿತರು. ಮೂವತ್ತು ಹೆಜ್ಜೆ ಆಚೆಗಿದ್ದ ಮರಕ್ಕೆ ಸಿಡಿಲು ಬಡಿಯಿತು. ಸದ್ದು ನೆನಪಿಲ್ಲ, ತೊಗಟೆ ಸಿಡಿದು ಕಾಂಡದುದ್ದಕ್ಕೂ ಬಿಳಿಯ ಗೀರು ಮೂಡಿದ್ದು ನೆನಪಿದೆ. ಕುಳಿತವರ ಕಾಲುಗಳಲ್ಲಿ ಝಲ್ಲೆಂದು ಏನೋ ಹರಿಯಿತು. ಹಿರಿಯ ಮಹಿಳೆಯೊಬ್ಬರು ಉರುಳಿಬಿದ್ದರು. ಸಿಡಿಲಿನ ವಿದ್ಯುತ್ತು ಮರದ ಬುಡದಿಂದ ನೆಲದಗುಂಟ ಹರಡುತ್ತದೆ. ನೆತ್ತಿಗೇ ಬಡಿಯಬೇಕೆಂದೇನೂ ಇಲ್ಲ.

ಆಮೇಲಿನದು ಇನ್ನೂ ನಾಚಿಕೆಗೇಡು. "ಮುಟ್ಟಬೇಡಿ, ಕರೆಂಟು ಇರುತ್ತದೆ" ಎಂದು ಯಾರೋ ಕೂಗಿದರು, ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿಯುವುದಿಲ್ಲ. ಉಸಿರು, ನಾಡಿ ನಿಂತಿದ್ದರೆ ಆ ಕ್ಷಣವೇ ಎದೆ ಒತ್ತಲು ಶುರುಮಾಡಬೇಕು. ಪುಣ್ಯಕ್ಕೆ ಅವರು ತಾವೇ ಎದ್ದು ಕುಳಿತರು. ಎಡಗಾಲಿನ ಜೋಮು ಬಿಡಲು ಎರಡು ದಿನ ಹಿಡಿಯಿತು.

ಗೋಡೆಗಳಿರುವ ಗಟ್ಟಿ ಕಟ್ಟಡ, ಇಲ್ಲವೇ ಕಿಟಕಿ ಮುಚ್ಚಿದ, ಲೋಹದ ಮೈಯುಳ್ಳ ಬಸ್ಸು ಅಥವಾ ಕಾರು: ಆಸರೆ ಎನ್ನಬಹುದಾದದ್ದು ಇಷ್ಟೇ. ವಾಹನದಲ್ಲಿ ನಮ್ಮನ್ನು ಕಾಯುವುದು ರಬ್ಬರ್ ಚಕ್ರವಲ್ಲ, ವಿದ್ಯುತ್ತನ್ನು ಹೊರಮೈಯಿಂದಲೇ ನೆಲಕ್ಕಿಳಿಸುವ ಲೋಹ. ಆ ಬಸ್ಸನ್ನೇ ನಾನು ಕಳುಹಿಸಿಬಿಟ್ಟಿದ್ದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಬಯಲಿಗೆ ಬರಬಾರದು. ನಾವು ಹನಿ ನಿಂತ ಐದೇ ನಿಮಿಷಕ್ಕೆ ಹಗ್ಗ ಸುತ್ತಿಡಲು ಇಳಿದಿದ್ದೆವು.

ಮೊನ್ನೆ ಬೇರೊಂದು ಉದ್ಯಾನಕ್ಕೆ ಕರೆ ಮಾಡಿ, ಗೋಡೆಯಿರುವ ಕಟ್ಟಡ ಮಂಟಪದಿಂದ ಎಷ್ಟು ದೂರ ಎಂದು ಕೇಳಿದೆ. ಆ ಕಡೆಯವರು ಸ್ವಲ್ಪ ತಡೆದು, ಮಂಟಪದಿಂದ ಕಾಣುವ ನೋಟ ಬಹಳ ಚೆನ್ನಾಗಿದೆ ಎಂದರು.